ಮತ್ತೆ ಟ್ಯೂಬಾ

ದಶಕಗಳಾದ ಮೇಲೆ ಮತ್ತೆ ಟ್ಯೂಬಾ (ಬಾಯಿಂದ ಊದುವ ದೊಡ್ಡ ಹಿತ್ತಾಳೆ ವಾದ್ಯ) ಹಿಡಿದಿದ್ದೇನೆ. ಬೆರಳುಗಳು ಏನನ್ನೂ ಮರೆತಿಲ್ಲ, ಯಾವ ಸ್ವರಕ್ಕೆ ಯಾವ ವಾಲ್ವ್ ಅಂತ ನಾನು ಯೋಚಿಸುವ ಮೊದಲೇ ಒತ್ತಿಬಿಡುತ್ತವೆ. ತಕರಾರೆಲ್ಲಾ ತುಟಿಗಳದ್ದು. ಕೆಳಗಿನ ಸ್ವರ ಬರಬೇಕಾದರೆ ಅವು ಸಡಿಲವಾಗಿ ಕಂಪಿಸಬೇಕು, ಆದರೆ ಪೂರ್ತಿ ಸಡಿಲ ಬಿಟ್ಟರೂ ಕೆಟ್ಟಿತು, ಸ್ವಲ್ಪ ಹೊತ್ತಿಗೇ ಬಾಯಿ ಸುತ್ತಲಿನ ಸ್ನಾಯು ಸೋತು ಬರೀ ಗಾಳಿಯ ಸದ್ದು ಬರುತ್ತದೆ. ಉಸಿರಿನ ಕಥೆ ಬೇರೆ. ಬಿ ಫ್ಲಾಟ್ ಸ್ವರಕ್ಕೆ ಕಟ್ಟಿದ ಟ್ಯೂಬಾದ ಕೊಳವೆ ಬಿಚ್ಚಿ ಚಾಚಿದರೆ ಸುಮಾರು 18 ಅಡಿ, ಅಷ್ಟುದ್ದದ ಗಾಳಿಯನ್ನು ಅಲುಗಾಡಿಸಬೇಕಲ್ವಾ! (1835ರಲ್ಲಿ ಬರ್ಲಿನ್‌ನಲ್ಲಿ ಟ್ಯೂಬಾಗೆ ಪೇಟೆಂಟ್ ತೆಗೆದುಕೊಂಡವರ ಶ್ವಾಸಕೋಶ ಗಟ್ಟಿ ಇದ್ದಿರಬೇಕು.) ಸದ್ಯಕ್ಕೆ ಹಾಡು ಗೀಡು ಏನಿಲ್ಲ, ಸುಮ್ನೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲಿಸುವುದು. ಹುಡುಗನಾಗಿದ್ದಾಗ ಇದು ಶಿಕ್ಷೆ ಅನ್ನಿಸುತ್ತಿತ್ತು, ಈಗ ವಯಸ್ಸಿನ ಗುಣವೋ ಏನೋ, ಇದೇ ಜಾಸ್ತಿ ಇಷ್ಟವಾಗುತ್ತಿದೆ.