ದೇವರಾಯನದುರ್ಗದ ಏರಿನಲ್ಲಿ ಚಕ್ರದ ದಿಕ್ಕು

ಬೆಂಗಳೂರಿನಿಂದ ದೇವರಾಯನದುರ್ಗಕ್ಕೆ ಹೊರಟವರು ತುಮಕೂರು ಮುಟ್ಟಲೇಬೇಕೆಂದಿಲ್ಲ. ನೆಲಮಂಗಲ ದಾಟಿ, ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ಊರ್ಡಿಗೆರೆಯ ದಾರಿ ಹಿಡಿದರೆ ಸಾಕು. ಜೊತೆಗೆ ಬಂದ ಸೋದರಮಾವ ಬಹುಕಾಲ ಘಾಟಿ ರಸ್ತೆಗಳಲ್ಲಿ ಲಾರಿ ಓಡಿಸಿದವರಾದ್ದರಿಂದ, ಈ ಪ್ರವಾಸದಲ್ಲಿ ಗುಡಿಗಳಷ್ಟೇ ಗಮನ ಕಾರು ನಿಲ್ಲಿಸುವ ಜಾಗಗಳ ಮೇಲೂ ಹರಿಯಿತು.

ಅವರನ್ನು ಕರೆದುಕೊಳ್ಳಲು ಮಲ್ಲೇಶ್ವರದ ಒಂದು ಇಳಿಜಾರು ಅಡ್ಡರಸ್ತೆಯಲ್ಲಿ, ಎಡಬದಿಗೆ, ಇಳಿಮುಖವಾಗಿ ನಿಲ್ಲಿಸಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ್ದೆ. ಹ್ಯಾಂಡ್‌ಬ್ರೇಕ್ ಕೈಕೊಟ್ಟರೂ ಮುಂದಿನ ಚಕ್ರ ಫುಟ್‌ಪಾತಿನ ಅಂಚುಕಲ್ಲಿಗೆ ತಾಗಿ ಕಾರು ಅಲ್ಲೇ ನಿಲ್ಲುತ್ತದೆ. ಮುಖ ಏರಿನ ಕಡೆಗಿದ್ದರೆ ಲೆಕ್ಕ ತಿರುವುಮುರುವು: ಆಗ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಹಿಂದಕ್ಕೆ ಜಾರುವ ಕಾರಿನ ಮೂತಿ ಎಡಕ್ಕೆ ಹೊರಳಿ, ಮುಂದಿನ ಎಡ ಟೈರಿನ ಹಿಂಭಾಗ ಕಲ್ಲಿಗೆ ಒತ್ತಿಕೊಳ್ಳುತ್ತದೆ. “ಕಲ್ಲು ನೆಟ್ಟಗಿದೆಯೋ ಇಲ್ಲವೋ ಮೊದಲು ನೋಡಪ್ಪ” ಎಂದರು ಮಾವ. ಬೆಂಗಳೂರಿನಲ್ಲಿ ಮನೆಯ ಗೇಟಿನೊಳಗೆ ವಾಹನ ಹತ್ತಿಸಲೆಂದು ಅಂಚುಕಲ್ಲಿನ ಮೇಲೆ ಸಿಮೆಂಟು ಮೆತ್ತಿ ಸಪಾಟು ಮಾಡಿರುವುದು ಸಾಮಾನ್ಯ. ಅಂಥ ಕಡೆ ಅಂಚುಕಲ್ಲು ಇಲ್ಲವೆಂದೇ ತಿಳಿಯಬೇಕು.

ಅಮೆರಿಕದ ವಿಡಿಯೊಗಳನ್ನು ನೋಡಿ ಕಲಿಯುವವರು ಎಡ ಬಲಗಳನ್ನು ಅದಲು ಬದಲು ಮಾಡಿಕೊಳ್ಳಬೇಕು, ಏಕೆಂದರೆ ಅಲ್ಲಿ ವಾಹನಗಳು ರಸ್ತೆಯ ಬಲಬದಿಗೆ ನಿಲ್ಲುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಂತೂ ಶೇ. 3ಕ್ಕಿಂತ ಹೆಚ್ಚಿನ ಇಳಿಜಾರಿನಲ್ಲಿ ಚಕ್ರವನ್ನು ಅಂಚುಕಲ್ಲಿಗೆ ತಿರುಗಿಸದೆ ನಿಲ್ಲಿಸಿದರೆ ದಂಡ ತೆರಬೇಕಾಗುತ್ತದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಈ ದುರ್ಗದ ಎತ್ತರ ಸುಮಾರು 1,200 ಮೀಟರ್. ಬುಡದಲ್ಲಿರುವ ಭೋಗನರಸಿಂಹನ ದರ್ಶನ ಮುಗಿಸಿ, ನೆತ್ತಿಯ ಮೇಲಿನ ಯೋಗನರಸಿಂಹನ ಕಡೆಗೆ ಹತ್ತತೊಡಗಿದ ಮೇಲೆ ಅಂಚುಕಲ್ಲಿನ ಮಾತೇ ಇಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು ಕಾಡು, ಎಲ್ಲೆಲ್ಲೂ ಕೋತಿಗಳು. ಇಂಥಲ್ಲಿ ಏರುಮುಖವಾಗಿದ್ದರೂ ಚಕ್ರ ಎಡಕ್ಕೇ ತಿರುಗಿರಬೇಕು. ಬಲಕ್ಕೆ ತಿರುಗಿಸಿದರೆ, ತಡೆಯುವ ಕಲ್ಲಿಲ್ಲದ್ದರಿಂದ, ಕಾರಿನ ಹಿಂಭಾಗ ನಡುರಸ್ತೆಗೆ ಹೊರಳುತ್ತದೆ. ಎಡಕ್ಕೆ ತಿರುಗಿಸಿದರೆ ರಸ್ತೆ ಬಿಟ್ಟು ಬದಿಗೆ ಸರಿಯುತ್ತದೆ. ಆ ಬದಿಯಲ್ಲಿ ಪ್ರಪಾತವಿದ್ದರೆ ಏನು ಮಾಡಬೇಕೆಂದು ಕೇಳಿದೆ. “ಅಲ್ಲಿ ನಿಲ್ಲಿಸಲೇಬಾರದು” ಎಂದರು. ನನಗೂ ಇದೇ ಸರಿಯೆನಿಸಿತು. ಬ್ರೇಕು ಸೋತ ಕಾರು ಎಲ್ಲಿಗೆ ಹೋಗಬಹುದೆಂಬ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲದ ಜಾಗದಲ್ಲಿ ಯಾವ ದಿಕ್ಕೂ ಕ್ಷೇಮವಲ್ಲ. ತಿರುವಿನ ಬಳಿ ಮತ್ತು ದಿಣ್ಣೆಯ ನೆತ್ತಿಯಲ್ಲಿ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಾವಳಿಯೇ ಹೇಳಿತ್ತು.

ಎಡಕ್ಕೆ ಬಂಡೆಯಿದ್ದ ಅಗಲವಾದ ಜಾಗ ಸಿಕ್ಕಿದ ಮೇಲೆ ಮಾವ ತಮ್ಮ ಕ್ರಮವನ್ನು ಮಾಡಿ ತೋರಿಸಿದರು. ಕಾಲಿನ ಬ್ರೇಕು ಒತ್ತಿ ಹಿಡಿದು, ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಭಾರ ಅದರ ಮೇಲೆ ಕೂರುವಂತೆ ಕಾಲನ್ನು ನಿಧಾನವಾಗಿ ಸಡಿಲಿಸಿ, ಕೊನೆಗೆ ಮೊದಲ ಗೇರಿಗೆ ಹಾಕಿದರು. ಇಳಿಮುಖವಾಗಿದ್ದರೆ ರಿವರ್ಸ್ ಗೇರ್. ಆಟೊಮ್ಯಾಟಿಕ್ ಕಾರಿನಲ್ಲಿಯೂ ಹ್ಯಾಂಡ್‌ಬ್ರೇಕ್ ಮೊದಲು, ಪಾರ್ಕ್ ಆಮೇಲೆ. ಇಲ್ಲದಿದ್ದರೆ ಇಡೀ ಭಾರ ಗೇರ್‌ಬಾಕ್ಸಿನೊಳಗಿನ ಸಣ್ಣ ಕೊಕ್ಕೆಯೊಂದರ ಮೇಲೆ ಬೀಳುತ್ತದೆ. ಇಷ್ಟಾದರೂ ಅವರಿಗೆ ಸಮಾಧಾನವಾಗದೆ, ಲಾರಿಯ ಅಭ್ಯಾಸದಂತೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು.

ಮೆಟ್ಟಿಲು ಹತ್ತಿ ಯೋಗನರಸಿಂಹನ ದರ್ಶನ ಮಾಡಿ ಬಂದೆವು. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲಿ ಬಿಡಲು ಮಾವ ಒಪ್ಪಲಿಲ್ಲ. ಕತ್ತಲಲ್ಲಿ ಬರುವ ಬೈಕಿನವರಿಗೆ ಅಂಥ ಕಲ್ಲು ಕಾಣುವುದಿಲ್ಲವೆಂದು ಹೇಳುತ್ತಾ, ಅದನ್ನು ಎತ್ತಿ ಬಂಡೆಯ ಬುಡಕ್ಕೆ ಹಾಕಿ ಕಾರು ಹತ್ತಿದರು.