ಶೆಡ್ಡಿನಿಂದ ಏಳದ ಟ್ರ್ಯಾಕ್ಟರ್

ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ವಿಶೇಷ ದಿನ) ಕಳೆದು ಮಳೆ ಬಿದ್ದರೆ ಉಡುಪಿ ಜಿಲ್ಲೆಯ ಬ್ರಹ್ಮಾವರ, ಕೋಟದ ಕಡೆ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರ್ ಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದದ್ದು ಹಠ ಹಿಡಿಯುವುದೂ ಆಗಲೇ.

ಮೊದಲು ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ನಗಬೇಡಿ, ಮೆಕ್ಯಾನಿಕ್ ಬಂದು ಅದನ್ನೊಂದು ಒತ್ತಿ ಹೋದದ್ದೂ ಉಂಟು.

ಸ್ಟಾರ್ಟರ್ 'ಟಿಕ್' ಅಂದು ಸುಮ್ಮನಾದರೆ ಬ್ಯಾಟರಿ. ಫುಲ್ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್‌ಗೆ ಹಸಿರು ಹಿಟ್ಟು ಹಿಡಿದಿದ್ದರೆ ಕಳಚಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ ಮೇಲೆ ವ್ಯಾಸಲಿನ್ ಹಚ್ಚಿ.

ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪಿಲ್ಲ. ಅರ್ಧ ಖಾಲಿ ಟ್ಯಾಂಕ್ ಒಳಗೇ ಬೆವರುತ್ತದೆ; ಡೀಸೆಲಿನ ನೀರು, ಕಸ ತಂಗುವ ಸೆಡಿಮೆಂಟ್ ಬೌಲ್ ಬಿಚ್ಚಿದರೆ ಡೀಸೆಲ್ ಅಡಿಯಲ್ಲಿ ನೀರು ಮಣಿಯಂತೆ ಓಡಾಡುವುದು ಕಾಣುತ್ತದೆ. ಹಿಂದೆ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ ಮಳೆಗಾಲಕ್ಕೆ ತಯಾರು ಮಾಡುತ್ತಿದ್ದರು. ಇದಕ್ಕೆ ಟ್ಯಾಂಕ್ ತುಂಬಿ ಇಟ್ಟರೆ ಸಾಕಿತ್ತು, ಅದೂ ಮರೆತುಹೋಗುತ್ತದೆ.

ನೀರು ಚೆಲ್ಲಿ, ಬೌಲ್ ಮತ್ತೆ ಹಾಕಿ, ಒಳಗೆ ಸೇರಿದ ಗಾಳಿ ಹೊರಬಿಡಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಇಂಜೆಕ್ಷನ್ ಪಂಪಿನದ್ದೂ ಹಾಗೆಯೇ. ಮತ್ತೆ ಮತ್ತೆ ಗಾಳಿ ಸೇರಿದರೆ ಪೈಪಿನ ತಾಮ್ರದ ವಾಷರ್ ಬದಲಿಸಿ.

ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ತಣ್ಣಗಿನ ಇಂಜಿನ್ ಹತ್ತಿಸಲು ಬಿಸಿ ಮಾಡುವ ಹೀಟರ್ ಇದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ, ಸಾಲುತ್ತಿಲ್ಲ. ಅದು ಮೆಕ್ಯಾನಿಕ್ ಕೆಲಸ. ಏರ್ ಕ್ಲೀನರ್ ಒಳಗೆ ಇಲಿ ಸಂಸಾರ ಹೂಡಿದೆಯಾ ಅಂತಲೂ ಇಣುಕಿ.

ಸ್ಟಾರ್ಟರ್ ಒಮ್ಮೆಗೆ 10 ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ವಾಷರಿನ ಖರ್ಚಿನ ಜೊತೆ ಮೋಟಾರಿನದ್ದೂ ಸೇರುತ್ತದೆ.