ಎರಡು ದಿನ ತಡವಾದ ಸೌತೆ

ಪತ್ತನಾಜೆಗೆ ಇನ್ನೂ ವಾರವಿದೆ ಎಂಬ ಧೈರ್ಯದಲ್ಲಿ, ಬಣ್ಣ ತಿರುಗುತ್ತಿದ್ದ ಸೌತೆಕಾಯಿಗಳನ್ನು ಎರಡು ದಿನ ಹೆಚ್ಚಿಗೆ ಬಳ್ಳಿಯಲ್ಲೇ ಬಿಟ್ಟದ್ದು ನನ್ನ ತಪ್ಪು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಆಸುಪಾಸಿನಲ್ಲಿ, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಸೌತೆ ಮಾಡಿನ ಪಕ್ಕಾಸಿಗೆ, ಅಂದರೆ ಸೂರಿನ ಮರದ ಪಟ್ಟಿಗೆ, ಏರಿರಬೇಕೆಂಬುದು ನಮ್ಮ ಅತ್ತೆಯವರ ಲೆಕ್ಕ. ಮಳೆಗಾಲದಲ್ಲಿ ತರಕಾರಿಗೆ ಪರದಾಡುವಾಗ ಹುಳಿಗೂ ಕೊದ್ದೆಲ್ ಎಂಬ ಸಾಂಬಾರಿಗೂ ಒದಗುವುದು ಈ ಸೌತೆಯೇ.

ಉಡುಪಿಯ ಕಟಪಾಡಿ ಸಮೀಪದ ನಮ್ಮ ಹಿತ್ತಿಲಿನಲ್ಲಿ ಈ ಬೇಸಿಗೆ ಮೊದಲೇ ಒಂದು ಪೆಟ್ಟು ಕೊಟ್ಟಿತ್ತು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಮಟ್ಟುಗುಳ್ಳ ಬದನೆಯ ಊರು ನಮಗೆ ಕೂಗಳತೆಯಲ್ಲಿದೆ ಎಂಬ ಹೆಮ್ಮೆಯಿಂದ ನೆಟ್ಟ ಏಳು ಗುಳ್ಳದ ಗಿಡಗಳ ಪೈಕಿ ಐದು, ಎಲೆ ಹಳದಿಯಾಗುವುದಕ್ಕೂ ಕಾಯದೆ, ಹಸಿರಾಗಿರುವಾಗಲೇ ಬಾಡಿ ನಿಂತವು. ನೀರು ಸಾಲದೆಂದು ಭಾವಿಸಿ ಮತ್ತೆರಡು ಕೊಡ ಸುರಿದೆ. ಕೊನೆಗೆ ಒಂದು ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ, ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಯೊಂದು ನಿಧಾನವಾಗಿ ಕೆಳಗಿಳಿಯಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಹಿಂದಿನ ವರ್ಷ ಅದೇ ಸಾಲಿನಲ್ಲಿ ಟೊಮೆಟೊ ಬೆಳೆದಿದ್ದೆ. ರೋಗಾಣು ಮಣ್ಣಿನಲ್ಲೇ ಉಳಿಯುವುದರಿಂದ ಅಲ್ಲಿ ಬದನೆಯ ಜಾತಿಯನ್ನು ಮತ್ತೆ ನೆಡಬಾರದಿತ್ತು.

ಫೆಬ್ರವರಿ ಕೊನೆಯಲ್ಲಿ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಬಿತ್ತಿದ ಸೌತೆಯಾದರೂ ಕೈಹಿಡಿಯಲಿ ಎಂದು ಆಮೇಲೆ ಅದರ ಹಿಂದೆಯೇ ಬಿದ್ದೆ. ಎಳೆಗಾಯಿಯ ಸಿಪ್ಪೆಯ ಮೇಲೆ ಅಂಟಿನ ಹನಿ ಕಂಡರೆ ಹಣ್ಣುನೊಣ ಮೊಟ್ಟೆಯಿಟ್ಟಿದೆ ಎಂದು ತಿಳಿದು, ಅಂಥವನ್ನು ಕಿತ್ತು ಸುಟ್ಟೆ. ಉಳಿದವಕ್ಕೆ ಹಳೆಯ ದಿನಪತ್ರಿಕೆಯ ಹಾಳೆ ಸುತ್ತಿದೆ. ಹೀಗೆ ಕಾಪಾಡಿದ ಕಾಯಿಗಳು ಚಿನ್ನದ ಬಣ್ಣಕ್ಕೆ ತಿರುಗುವುದನ್ನು ನೋಡುವ ಆಸೆಯೇ ಕೊಯ್ಲನ್ನು ಮುಂದೂಡಿಸಿತು ಎನ್ನಬೇಕು.

ಆ ರಾತ್ರಿ ಗುಡುಗಿನೊಂದಿಗೆ ಮೂರು ತಾಸು ಮಳೆ ಹೊಯ್ಯಿತು. ಬೆಳಿಗ್ಗೆ ನೋಡಿದರೆ ಕಾಯಿಗಳು ಕೆಂಪು ರಾಡಿಯಲ್ಲಿ ಅರ್ಧ ಮುಳುಗಿದ್ದವು. ಸುತ್ತಿದ ಕಾಗದ ಮುದ್ದೆಯಾಗಿ, ಅಕ್ಷರಗಳ ಮಸಿ ಸಿಪ್ಪೆಗೆ ಮೆತ್ತಿಕೊಂಡಿತ್ತು. ಒಟ್ಟು 37 ಕಾಯಿಗಳಲ್ಲಿ ಆರು ಸೀಳಿಹೋಗಿದ್ದವು. ಉಳಿದವನ್ನು ಅತ್ತೆ ಜಗಲಿಯಲ್ಲಿ ಸಾಲಾಗಿ ಇರಿಸಿ, ಒಣಬಟ್ಟೆಯಿಂದ ಒರೆಸಿ, ನೆಲಕ್ಕೆ ತಾಗಿದ್ದ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ, ಹನ್ನೊಂದನ್ನು ಬೇರೆ ಸರಿಸಿದರು. ಅವು ಬೇಗನೆ ಅಡುಗೆಗೆ ಹೋಗಬೇಕಾದವು. ಇಪ್ಪತ್ತನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ಪಕ್ಕಾಸಿಗೆ ತೂಗುಹಾಕಿದೆವು.

ಸೀಳಿದವುಗಳಲ್ಲಿ ಚೆನ್ನಾಗಿ ಬಲಿತಿದ್ದ ಒಂದರ ಬೀಜ ತೆಗೆದು, ಬೂದಿ ಬೆರೆಸಿ ಒಣಗಿಸಿದೆ. ಆ ವಾರವಿಡೀ ನೆರೆಮನೆಗಳಿಗೆ ಸೌತೆ ಹಂಚಿದ್ದಾಯಿತು. ಅದೇ ಮಳೆಗೆ ಬಸಳೆ ಮಾತ್ರ ಚಪ್ಪರ ಮೀರಿ ಚಿಗುರಿತು.

ಅತ್ತೆ ಬೇರೆ ಸರಿಸಿದ್ದ ಹನ್ನೊಂದರಲ್ಲಿ ಒಂದು ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದವಾಗಿ ಕಂಡಿತ್ತು. ಅವರು ಒಳಗೆ ಹೋದಾಗ ಅದನ್ನೂ ತೂಗುಹಾಕಿದ್ದೆ. ಜೂನ್ ಮೂರನೆಯ ವಾರ ಮಾಡು ಸೋರುತ್ತಿದೆಯೆಂದು ನಾನು ಏಣಿ ತರಲು ಹೊರಟರೆ, ಅತ್ತೆ ನೆಲದ ಮೇಲಿನ ಹನಿಯನ್ನು ಮೂಸಿ ನೋಡಿ, ಏನೂ ಹೇಳದೆ ಬಕೆಟ್ ತಂದಿಟ್ಟರು.